ಲೇಸರಿನ ಕಳೆ ಕಿತ್ತಿದ್ದು

ಕಡಿಮೆ ಓದಿದವನಿಗೆ ಯಂತ್ರದ ಮುಂದೆ ಸುಮ್ಮನೆ ಕೂರುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕೂತರೆ ದಂಡಕ್ಕೆ ಕೂತಿದ್ದಾನೆ ಅಂದುಕೊಳ್ಳುತ್ತಾರೇನೋ ಎಂಬ ಭಯ. ಎದ್ದು ಏನಾದರೂ ಮುಟ್ಟಿದರೆ ಕೆಡುತ್ತದೇನೋ ಎಂಬ ಭಯ. ನಾನು ಎರಡನೆಯ ಭಯವನ್ನು ಗೆದ್ದೆ. ಗೆಲ್ಲಬಾರದಿತ್ತು.

ನನ್ನ ತಂಗಿ ಶೋಭಾ ಬಾಶೆಟ್ಟಿಹಳ್ಳಿಯ ಒಂದು ಶೆಡ್ಡಿನಲ್ಲಿ ಮರದ ಮೇಲೆ ಹೆಸರು ಬರೆಯುವ ಯಂತ್ರ ಇಟ್ಟಿದ್ದಾಳೆ. ಮೊದಲು ಅದು ಗರಗರ ತಿರುಗುವ ಉಳಿಯಂಥ ಬಿಟ್‌ನಿಂದ ಕೆತ್ತುತ್ತಿತ್ತು. ಈಗ ಬಿಟ್ ಬಿಚ್ಚಿ ಲೇಸರ್ ಕೂರಿಸಿದ್ದಾಳೆ. ಓಡಿಸುವ ಸಾಫ್ಟ್‌ವೇರ್ ಮಾತ್ರ ಹಳೆಯದೇ. "ಬಿಟ್ ಆಗಿದ್ರೆ ಒಂದಕ್ಷರ ಮುಗಿಸಿ ಮೇಲಕ್ಕೆದ್ದು ಇನ್ನೊಂದಕ್ಕೆ ಹೋಗ್ತಿತ್ತು ಅಣ್ಣ. ಬೆಳಕನ್ನ ಎಲ್ಲಿಗೆ ಎತ್ತೋದು? ಆನ್ ಆಗು, ಆಫ್ ಆಗು ಅಂತ ನಾವೇ ಬರೀಬೇಕು" ಎಂದು ಅವಳು ವಿವರಿಸಿದಾಗ ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನಾನು ಡಿಗ್ರಿ ಓದಿದವರಿಗೂ ಕಡಿಮೆಯಿಲ್ಲ.

ಮೊನ್ನೆ ಗೃಹಪ್ರವೇಶದ ಮನೆಯವರು ತಮ್ಮ ಹಳೆಯ ಬಾಗಿಲಿನ ತೇಗದ ಹಲಗೆ ತಂದು, ಅಜ್ಜಿಯ ಹೆಸರು ಬರೆದುಕೊಡಿ ಎಂದಿದ್ದರು. ಅಂಥ ಹಲಗೆ ಇನ್ನೊಂದಿಲ್ಲ, ಮಾರನೆಯ ಬೆಳಿಗ್ಗೆಯೇ ಬೇಕು. ಶೋಭಾ ಊಟಕ್ಕೆ ಹೋದಾಗ ನಾನು ಕಂಪ್ಯೂಟರ್ ನೋಡುತ್ತಾ ಕೂತೆ. ಯಂತ್ರಕ್ಕೆಂದು ಅವಳು ಬರೆದಿಟ್ಟ ಫೈಲಿನಲ್ಲಿ 'ಎಂ ಐದು' ಎಂಬ ಒಂದೇ ಸಾಲು ಮತ್ತೆ ಮತ್ತೆ ಎದ್ದಿದೆ. ದೊಡ್ಡಬೆಳವಂಗಲದ ರಾಗಿ ಹೊಲದಲ್ಲಿ ಕಳೆ ಕಿತ್ತು ಪಳಗಿದ ಕೈ. ಸಾಲುಗಳ ನಡುವೆ ಬೇಡದ್ದು ಕಂಡರೆ ಸುಮ್ಮನಿರುವುದಿಲ್ಲ. ಪಾಪ, ಅವಸರದಲ್ಲಿ ಹೆಚ್ಚಿಗೆ ಒತ್ತಿದ್ದಾಳೆ ಎಂದು ಒಂದೊಂದನ್ನೇ ಅಳಿಸಿದೆ.

ಅವಳು ಬಂದು ಯಂತ್ರ ಓಡಿಸಿದಳು. ಬೆಳಕು ಆರಲೇ ಇಲ್ಲ. ಅಕ್ಷರದಿಂದ ಅಕ್ಷರಕ್ಕೆ ಕರೀ ಗೆರೆ ಎಳೆದುಕೊಂಡೇ ಹೋಯಿತು. ಅಜ್ಜಿಯ ಹೆಸರು ಹಗ್ಗಕ್ಕೆ ಒಣಹಾಕಿದ ಬಟ್ಟೆಯಂತಾಯಿತು.

ಶೋಭಾ ಲೇಸರ್ ಮಾರಿದವನಿಗೆ ಫೋನ್ ಹಚ್ಚಿದಳು. "ಏನ್ ಸಾರ್, ನೀವ್ ಕೊಟ್ಟಿದ್ದು ಆಫೇ ಆಗಲ್ಲ ಅಂತದೆ!"

"ಫೈಲ್ ಯಾರಾದ್ರೂ ಮುಟ್ಟಿದ್ರಾ ಮೇಡಂ?"

"ಇಲ್ಲಿರೋದು ನಮ್ಮಣ್ಣ ಒಬ್ಬ. ಅವ್ನು ಕೇಳ್ದೆ ಒಂದು ಮೊಳೆನೂ ಮುಟ್ಟಲ್ಲ. ನಿಮ್ ಮಾಲೇ ಸರಿಯಿಲ್ಲ, ವಾಪಸ್ ಕಳಿಸ್ತೀನಿ" ಎನ್ನುತ್ತಾ ಲೇಸರ್ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ನಂಬಿಕೆ ತಡೆಯಲಾಗಲಿಲ್ಲ.

"ನಾನೇ ಕಣಮ್ಮ ಕಿತ್ತಿದ್ದು."

"ಏನ್ನ?"

"ಕಳೆನ."

ಅವಳು ಫೈಲನ್ನು ಮೇಲಿಂದ ಕೆಳಗೆ ನೋಡಿದಳು. "ಅದೇ ಕಣಣ್ಣ ಆಫ್ ಮಾಡೋ ಸಾಲು" ಎಂದಳು, ಅಷ್ಟೇ. ಫೋನಿನವನ ಕ್ಷಮೆ ಕೇಳಿ, ಸಾಲುಗಳನ್ನು ಮತ್ತೆ ಹಾಕಿ, ಹಲಗೆ ಮಗುಚಿ ಹಿಂಬದಿಗೆ ಬರೆಯಲು ಹಚ್ಚಿದಳು. ಈ ಸಲ ಅಕ್ಷರಗಳು ಬಿಡಿಬಿಡಿಯಾಗಿ ಬಂದವು.

ನಾನಾದರೂ ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಹಗುರವಾದ ಮನಸ್ಸು ಕೇಳಬೇಕಲ್ಲ! "ಹೋದ ತಿಂಗಳು ಆ ಮರದ ಕೀಚೈನ್ ಸುಟ್ಟಿದ್ದೂ ನಾನೇ ಕಣಮ್ಮ, ನಿನ್ ಗಂಡ ಅಲ್ಲ" ಎಂದುಬಿಟ್ಟೆ. ಆ ಕೀಚೈನಿಗಾಗಿ ಅವಳು ಗಂಡನ ಹತ್ತಿರ ಮಾತು ಬಿಟ್ಟಿದ್ದಳು. ಆ ಗಂಡ, ಮಂಜು, ಅದೇ ಹೊತ್ತಿಗೆ ಟೀ ತಂದು ಬಾಗಿಲಲ್ಲಿ ನಿಂತಿದ್ದ.

"ಭಾವಾ! ಅವಳ ಹತ್ರ ನನ್ ಪರವಾಗಿ ಮಾತಾಡ್ತೀನಿ ಅಂತ ನನ್ ಕೈಲಿ ಬಿರಿಯಾನಿ ಕೊಡಿಸ್ಕೊಂಡ್ರಲ್ಲಾ?"

ಹೌದು, ಕೊಡಿಸಿಕೊಂಡಿದ್ದೆ. ಆದರೆ ಮಾತು ತಪ್ಪಿರಲಿಲ್ಲ. "ಗಂಡಸು, ಗೊತ್ತಾಗದೆ ಮಾಡ್ಬಿಟ್ಟವ್ನೆ, ಈ ಸಲ ಕ್ಷಮಿಸ್ಬಿಡಮ್ಮ" ಎಂದು ಅವತ್ತೇ ಶೋಭಾಗೆ ತುಂಬ ದೊಡ್ಡ ಮನಸ್ಸಿನಿಂದ ಹೇಳಿದ್ದೆ.