ಸ್ಟ್ರಾಸ್‌ಬರ್ಗಿನ ಹುಂಜ

ಲಾಸ್ ಆಲ್ಟೋಸಿನಲ್ಲಿ ನಮ್ಮ ಪಕ್ಕದ ಮನೆಯವರು ಓಡೀಲ್ ಅಜ್ಜಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಎಂಬ ಊರಿನವರು. ಎಂಬತ್ತರ ದಶಕದಲ್ಲಿ ಒಮ್ಮೆ ನಮ್ಮ ಆಫೀಸಿನವರು ನನ್ನನ್ನು ಅದೇ ಊರಿಗೆ ಮೀಟಿಂಗಿಗೆಂದು ಕಳಿಸಿದಾಗ ಅಜ್ಜಿ ಕೇಳಿದ್ದು ಒಂದೇ ಉಪಕಾರ. ಅಲ್ಲಿನ ದೊಡ್ಡ ಚರ್ಚಿನೊಳಗೆ ಮನೆಗಿಂತ ಎತ್ತರದ ಗಡಿಯಾರವೊಂದಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಅದರ ಮೇಲಿನ ಯಂತ್ರದ ಹುಂಜ ರೆಕ್ಕೆ ಬಡಿದು ಕೂಗುತ್ತದೆ. ಆ ಕೂಗನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ತರಬೇಕು.

"ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕೇಳ್ತಿದ್ದೆ. ಇನ್ನು ವಿಮಾನ ಹತ್ತಬೇಡಿ ಅಂದಿದ್ದಾರೆ ಡಾಕ್ಟರು."

"ಅಷ್ಟೇ ತಾನೆ?" ಎಂದೆ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರು! ಹೊಸ ಟೇಪ್ ರೆಕಾರ್ಡರನ್ನೇ ಕೊಂಡೆ.

ಬಿಡುವು ಸಿಕ್ಕಿದ್ದು ಬುಧವಾರ ಮಾತ್ರ. ಸಂಜೆಗೆ ವಾಪಸು ವಿಮಾನ. ಹನ್ನೊಂದೂವರೆಗೇ ಚರ್ಚಿನ ಮುಂದೆ ಹಾಜರಾದೆ. ಎರಡು ಗೋಪುರ ಬರಬೇಕಾದಲ್ಲಿ ಒಂದನ್ನೇ ಕಟ್ಟಿ ಕೈತೊಳೆದುಕೊಂಡಿದ್ದಾರೆ, ಬೆಂಗಳೂರಿನಲ್ಲಿ ಮೇಲಿನ ಮಹಡಿಗೆಂದು ಕಂಬಿ ಬಿಟ್ಟು ನಿಲ್ಲಿಸಿದ ಮನೆಯ ಹಾಗೆ. ಜೇಬಿಗೆ ಕೈ ಹಾಕಿದರೆ ಹೆಂಡತಿ ವಿಮಲ ಬರೆದಿಟ್ಟ ಚೀಟಿ: 'ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಹೊಸ ಕೆಲಸ ಬೇಡ.'

ನಾನು ಇದನ್ನೆಲ್ಲ ನಂಬುವವನಲ್ಲ. ಆದರೆ ರೆಕಾರ್ಡರು ಹೊಸದು, ಅಜ್ಜಿಯ ಕೆಲಸ ದೊಡ್ಡದು, ಸುಮ್ಮನೆ ಯಾಕೆ ರಿಸ್ಕು? ಗಡಿಯಾರ ಅಂದಮೇಲೆ ಗಂಟೆಗೊಮ್ಮೆ ಕೂಗದೆ ಇರುತ್ತದೆಯೇ? ಕಾಲುವೆಯ ಪಕ್ಕ ಮರದ ಪಟ್ಟಿಗಳ ಹಳೆಯ ಮನೆಗಳನ್ನು ನೋಡುತ್ತ ಕಾಫಿ ಕುಡಿದೆ. ಯುದ್ಧಗಳ ಕಾಲದ ಎಪ್ಪತ್ತೈದು ವರ್ಷದಲ್ಲಿ ಈ ಊರು ನಾಲ್ಕು ಸಲ ದೇಶ ಬದಲಾಯಿಸಿತ್ತೆಂದು ಗೈಡ್ ಪುಸ್ತಕದಲ್ಲಿ ಓದಿ ತಲೆದೂಗಿದೆ. ಆರಾಮವಾಗಿ ಒಂದೂವರೆಗೆ ಚರ್ಚಿನೊಳಗೆ ಹೋದೆ.

"ಹುಂಜವೇ? ದಿನಕ್ಕೊಂದೇ ಸಲ. ನಾಳೆ ಬನ್ನಿ," ಎಂದ ಕಾವಲುಗಾರ.

ಮನೆಗೆ ಬಂದು ಹೇಳಿದರೆ ವಿಮಲ ಹಣೆ ಚಚ್ಚಿಕೊಂಡಳು. "ನಾನು ಬರೆದದ್ದು ನಿಮ್ಮ ಮೀಟಿಂಗಿಗೆ ರೀ. ಹೋಗಿ ಅಜ್ಜಿ ಹತ್ರ ನಿಜ ಹೇಳಿಬಿಡಿ."

ಅಂದೇ ಅವಳ ಮಾತು ಕೇಳಬೇಕಿತ್ತು. ಕೇಳಲಿಲ್ಲ. ಚರ್ಚಿನ ಹಾಗೆ ಪ್ರತಿಧ್ವನಿ ಬರಲೆಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ರೆಕಾರ್ಡರು ಒತ್ತಿ, ಟವೆಲಿನಿಂದ ಪಟಪಟ ರೆಕ್ಕೆ ಬಡಿದು ಕೂಗಿದೆ. ಎಂಟು ಪ್ರಯತ್ನಗಳಾದವು.

"ಡ್ಯಾಡ್, ಆರ್ ಯೂ ಓಕೆ?" ಎಂದಳು ಮಗಳು ಹೊರಗಿನಿಂದ.

ಚೆನ್ನಾಗಿ ಬಂದ ಒಂದನ್ನು ಉಳಿಸಿಕೊಂಡು ಅಜ್ಜಿಯ ಮನೆಗೆ ಹೋದೆ. ಅವರು ಒಳ್ಳೆಯ ಸ್ವೆಟರು ಹಾಕಿಕೊಂಡು ಕಾಯುತ್ತಿದ್ದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಗೆದ್ದೆ ಅಂದುಕೊಂಡೆ.

"ನಮ್ಮ ಹುಂಜ ಕೂಗೋದು ಮೂರೇ ಸಲ," ಎಂದರು ಮೆಲ್ಲಗೆ. "ಹುಂಜ ಕೂಗೋ ಮೊದಲು ಸಂತ ಪೀಟರ್ ತನ್ನ ಗುರುವನ್ನೇ ಗೊತ್ತಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದ್ದ, ಅದರ ನೆನಪಿಗೆ. ಇದು ಐದು ಸಲ ಕೂಗಿತಲ್ಲ?"

ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕ್ಯಾಸೆಟ್ಟು ತೆಗೆದು ನನ್ನ ಕೈಗೇ ಕೊಟ್ಟರು. ನನ್ನನ್ನು ಆ ಊರಿಗೆ ಮತ್ತೆ ಯಾರೂ ಕಳಿಸಲಿಲ್ಲ. ಅಜ್ಜಿಗೆ ಆ ಕೂಗು ಮತ್ತೆ ಸಿಗಲೂ ಇಲ್ಲ. ಇಷ್ಟು ವರ್ಷವಾದರೂ ಅದು ನನ್ನನ್ನು ಚುಚ್ಚುತ್ತದೆ.

"ಪಾಪ, ಗಂಟಲು ನೋವಾಗಿರಬೇಕು ನಿಮಗೆ," ಎಂದು ಅಂದು ಅವರು ಜೇನು ಹಾಕಿದ ಬಿಸಿ ಟೀ ತಂದಿಟ್ಟರು. ಬೇಡ ಎನ್ನುವ ಮುಖ ನನಗಿರಲಿಲ್ಲ. ಕುಡಿದೆ. ಗಂಟಲು ನಿಜವಾಗಿಯೂ ನೋಯುತ್ತಿತ್ತು.