ನೊಣ ಕೂರದ ಬಂಗುಡೆ

ಕೆಡದಿರಲೆಂದು ಫಾರ್ಮಾಲಿನ್ ಹಾಕಿದ ಮೀನಿನ ಮೇಲೆ ನೊಣ ಕೂರುವುದಿಲ್ಲ. ಆ ಮಳೆಗಾಲದಲ್ಲಿ ಕಟಪಾಡಿಯಿಂದ ಕಾಪುವಿನವರೆಗೆ ಎಲ್ಲರೂ ಇದನ್ನು ನಂಬಿದ್ದರು. ಅಲ್ಲ ಎಂದು ಹೇಳಲು ನನ್ನ ಹತ್ತಿರವೂ ಪುರಾವೆ ಇರಲಿಲ್ಲ.

ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಫಾರ್ಮಾಲಿನ್ ಜೊತೆಗೇ ಇದ್ದೇನೆ. ದೇಹದಿಂದ ತೆಗೆದ ಚೂರುಗಳನ್ನು ಅದರಲ್ಲಿ ನೆನೆಸಿ, ಮೇಣದಲ್ಲಿ ಹುಗಿದು, ಕೂದಲಿಗಿಂತ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡುವುದು ಕೆಲಸ. ನನ್ನದು ಪಿಎಚ್‌ಡಿ, ಊರಿಗೆ ನಾನು ಡಾಕ್ಟ್ರಮ್ಮ. ಹಾಗಾಗಿ ಇಂಥವು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಕಾರ್ಕಳದ ನೆಂಟರೊಬ್ಬರು ಮಗಳ ಮದುವೆಯ ಮಲ್ಲಿಗೆ ಬಾಡದಂತೆ ಇಡಲು ಅರ್ಧ ಲೀಟರ್ ಕೇಳಿದ್ದರು. ಕೊಡಲಿಲ್ಲ. ಮಗಳಿಗೆ ಈಗ ಎರಡು ಮಕ್ಕಳು. ನೆಂಟರು ಇನ್ನೂ ಮಾತಾಡುತ್ತಿಲ್ಲ.

ಆದರೆ ಹೇಳಬೇಕಾದದ್ದು ಮೀನಿನ ಕಥೆ.

೧. ಪಕ್ಕದ ಬುಟ್ಟಿ

ಕಾಪು ಮಾರ್ಕೆಟ್‌ನಲ್ಲಿ ನಾನು ಮೀನು ತೆಗೆದುಕೊಳ್ಳುವುದು ಒಬ್ಬರೇ ಅಕ್ಕನ ಹತ್ತಿರ. ಅದೇ ಮೂಲೆಯಲ್ಲಿ ಮೂವತ್ತು ವರ್ಷದಿಂದ ಕೂತವರು. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಹೊರಗಿನ ಮೀನು ಬರುತ್ತದೆ, ಜೊತೆಗೆ ಸಂಶಯವೂ ಬರುತ್ತದೆ. ಅಕ್ಕ ಮಾರುತ್ತಿದ್ದದ್ದು ನಾಡದೋಣಿಯ ಬಂಗುಡೆ. ಆದರೆ ಒಬ್ಬ ನಿವೃತ್ತ ಮೇಷ್ಟ್ರು ಒಂದು ದಿನ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, ಪಕ್ಕದ ಬುಟ್ಟಿಯಲ್ಲಿ ಇಷ್ಟು ನೊಣ ಉಂಟು, ಇವರದ್ದರಲ್ಲಿ ಒಂದೂ ಇಲ್ಲವಲ್ಲ ಎಂದು.

ವಾರದೊಳಗೆ ಅಕ್ಕನ ಗಿರಾಕಿಗಳೆಲ್ಲ ಆಚೆ ಸರಿದರು. ಬೆರಳು ತೋರಿಸಿ, ನೊಣ ಕೂತದ್ದನ್ನೇ ಆರಿಸಿ ಕೊಡಿ ಎನ್ನತೊಡಗಿದರು. ಪಕ್ಕದ ಬುಟ್ಟಿಯವರು ನೊಣ ಓಡಿಸುವುದನ್ನು ನಿಲ್ಲಿಸಿದರು.

೨. ಮೂಗು

ಹೀಗೇ ಆದರೆ ಚೌತಿಯೊಳಗೆ ಬುಟ್ಟಿ ಮಗುಚಿ ಮನೆಯಲ್ಲಿ ಕೂರುವುದೇ ಎಂದು ಅಕ್ಕ ನನ್ನಲ್ಲಿ ಹೇಳಿದರು. ಉಳಿದದ್ದು ಒಂದೇ ದಾರಿಯಂತೆ. ನಾನು ಎಲ್ಲರೆದುರು ಮೀನು ಮೂಸಿ ಹೇಳಬೇಕು. ಫಾರ್ಮಾಲಿನ್ ವಾಸನೆ ನನ್ನಷ್ಟು ಯಾರಿಗೆ ಗೊತ್ತು?

ಯಾರಿಗೂ ಗೊತ್ತಿಲ್ಲದ ಸಂಗತಿ ಬೇರೆ ಇತ್ತು. ಈ ಕೆಲಸದಲ್ಲಿ ಮೊದಲ ತಿಂಗಳು ಕಣ್ಣಲ್ಲಿ ನೀರು, ಮೊದಲ ವರ್ಷ ತಲೆನೋವು. ಆಮೇಲೆ ನನ್ನ ಮೂಗು ತಾನಾಗಿ ರಾಜೀನಾಮೆ ಕೊಟ್ಟಿತ್ತು.

ಜನ ಸೇರಿದರು. ನಾನು ಒಂದು ಬಂಗುಡೆ ಎತ್ತಿ ಮೂಸಿ, ವಾಸನೆ ಇಲ್ಲ ಎಂದೆ.

ಮೇಷ್ಟ್ರು ಕೇಳಿದರು, "ಯಾವುದರ ವಾಸನೆ?"

"ಯಾವುದರದ್ದೂ ಇಲ್ಲ."

"ಮೀನಿನದ್ದೂ ಇಲ್ವಾ?"

ಸುಳ್ಳು ಹೇಳಬಹುದಿತ್ತು. "ಅದೂ ಇಲ್ಲ," ಎಂದೆ. ಜನ ಎರಡು ಹೆಜ್ಜೆ ಹಿಂದೆ ಸರಿದರು. ಆ ದಿನ ಅಕ್ಕ ಮಾರಿದ್ದು ಆರು ಬಂಗುಡೆ. ಆರೂ ನನಗೇ.

೩. ಲ್ಯಾಬ್

ತನ್ನ ವ್ಯಾಪಾರ ಮುಳುಗಿಸಿದ್ದು ಎಂತ ಎಂದು ಕಣ್ಣಾರೆ ನೋಡಬೇಕೆಂದು ಅಕ್ಕ ಬಸ್ಸು ಹತ್ತಿ ಮಣಿಪಾಲಕ್ಕೆ ಬಂದರು. ಬಾಟಲಿ ನೋಡಿ ನಿರಾಶರಾದರು. ಅದು ನೀರಿನ ಹಾಗೇ ಇತ್ತು. ಹಿಂದಿನ ದಿನ ನಾನು ಅವರದ್ದೇ ಒಂದು ಬಂಗುಡೆಯನ್ನು ಅದರಲ್ಲಿ ಮುಳುಗಿಸಿಟ್ಟಿದ್ದೆ. ಅಕ್ಕ ಕೈಗವಸು ಹಾಕಿ ಅದನ್ನು ಒತ್ತಿದರು. ರಬ್ಬರಿನ ಹಾಗೆ ಗಟ್ಟಿ. ಕಣ್ಣು ಬೆಳ್ಳಗೆ, ಮೈ ಬೇಯಿಸಿದ ಹಾಗೆ.

"ಇದನ್ನು ಯಾರು ತಗೊಳ್ತಾರೆ ಡಾಕ್ಟ್ರಮ್ಮ? ಮೋಸ ಮಾಡ್ಲಿಕ್ಕೂ ಸ್ವಲ್ಪ ಚಂದ ಬೇಕಲ್ವಾ?"

ಆಮೇಲೆ ಮೈಕ್ರೋಸ್ಕೋಪಿನಲ್ಲಿ ಫಾರ್ಮಾಲಿನ್‌ನಲ್ಲಿ ಇಟ್ಟ ಒಂದು ಮೀನಿನ ಮರಿ ತೋರಿಸಿದೆ. ಹೃದಯದ ಸಂಶೋಧನೆಗೆ ಸಾಕುವ ಪಟ್ಟೆ ಮೀನಿನದ್ದು, ಅಕ್ಕಿ ಕಾಳಿಗಿಂತ ಚಿಕ್ಕದು. ಅದರೊಳಗೆ ಗಸಗಸೆಗಿಂತ ಸಣ್ಣ ಹೃದಯ. ಅಷ್ಟು ಸಣ್ಣದರಲ್ಲೂ ಎರಡು ಕೋಣೆ.

ನಾನು ಸುಲಭಕ್ಕೆ ಏನನ್ನೂ ಹೊಗಳುವವಳಲ್ಲ. ಆದರೆ ಈ ನೀರಿನಂಥ ನೀರು ಮಾಡುವ ಕೆಲಸದ ಎದುರು ಇವತ್ತಿಗೂ ನಾನು ಬೆರಗಾಗುತ್ತೇನೆ. ಅದು ಗಂಟೆಗೆ ಹೆಚ್ಚು ಕಡಿಮೆ ಒಂದು ಮಿಲಿಮೀಟರಿನಷ್ಟು ಚೂರಿನೊಳಗೆ ಇಳಿಯುತ್ತದೆ. ಇಳಿದಲ್ಲೆಲ್ಲ ಒಂದು ಪ್ರೋಟೀನಿನ ಕೈಯನ್ನು ಪಕ್ಕದ ಪ್ರೋಟೀನಿನ ಕೈಗೆ ಕಟ್ಟುತ್ತದೆ. ಯಾವುದು ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ನಮ್ಮ ಕಪಾಟಿನಲ್ಲಿ ನಾನು ಶಾಲೆಗೆ ಹೋಗುತ್ತಿದ್ದ ಕಾಲದ ಚೂರುಗಳಿವೆ. ಅವುಗಳಲ್ಲಿ ಒಂದು ಜೀವಕೋಶ ಎರಡಾಗಲು ಹೊರಟು, ಅರ್ಧದಲ್ಲಿ ಹಾಗೇ ನಿಂತಿದೆ. ಆ ಚೂರಿನ ಮನುಷ್ಯ ಹೋಗಿ ಎಷ್ಟು ಕಾಲವಾಯಿತೋ. ಈಗಲೂ ಅದರಿಂದ ಡಿಎನ್‌ಎ ತೆಗೆದು, ಆಗ ಹೆಸರೇ ಇಲ್ಲದ ಕಾಯಿಲೆಯನ್ನು ಓದಬಹುದು.

ಇದನ್ನೆಲ್ಲ ಹೇಳಿದೆ. ಅಕ್ಕ ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದರು.

"ಸತ್ತದ್ದು ಅದಕ್ಕೆ ಗೊತ್ತೇ ಆಗ್ಲಿಲ್ಲ ಅಲ್ವಾ," ಎಂದರು ಮೆಲ್ಲಗೆ.

ಹದಿನೆಂಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಅಕ್ಕ ಇನ್ನೊಮ್ಮೆ ಬಗ್ಗಿ ನೋಡಿ, ಒಂದು ಹೊತ್ತಿನ ಊಟದ ಗಸಿಗೆ ಇಂಥದ್ದು ಎಷ್ಟು ಸಾವಿರ ಬೇಕಾದೀತು ಎಂದು ಕೇಳಿದರು.

೪. ಪರೀಕ್ಷೆ

ಮುಂದಿನ ಶನಿವಾರ ಫಾರ್ಮಾಲಿನ್ ಪತ್ತೆ ಮಾಡುವ ಕಾಗದದ ಪಟ್ಟಿ ಹಿಡಿದು ಮಾರ್ಕೆಟ್‌ಗೆ ಹೋದೆ. ಇದು ಆಗದಿದ್ದರೆ ಸೋಮವಾರದಿಂದ ಬರುವುದಿಲ್ಲ ಎಂದು ಅಕ್ಕ ಹೇಳಿಯಾಗಿತ್ತು. ಡಬ್ಬಿಯಲ್ಲಿ ಭದ್ರವಾಗಿ ತಂದ ಲ್ಯಾಬಿನ ಬಂಗುಡೆಗೆ ಪಟ್ಟಿ ಒರೆಸಿ, ಮೇಲೆ ಒಂದು ಹನಿ ಔಷಧ ಹಾಕಿದೆ. ಬಣ್ಣ ತಿರುಗಿತು. ಅಕ್ಕನ ಬುಟ್ಟಿಯ ಮೀನಿಗೆ ಒರೆಸಿದೆ. ತಿರುಗಲಿಲ್ಲ. ಇನ್ನೂ ಮೂರು ಮೀನಿಗೆ ಒರೆಸಿದೆ. ತಿರುಗಲಿಲ್ಲ.

ಮೇಷ್ಟ್ರು ಕನ್ನಡಕ ಹಾಕಿ ಎಲ್ಲ ಪಟ್ಟಿಗಳನ್ನೂ ನೋಡಿದರು. "ಕಾಗದ ಸರಿ ಮಾರಾಯ್ರೆ. ನೊಣ ಎಂತಕ್ಕೆ ಕೂರುವುದಿಲ್ಲ? ಅದನ್ನು ಹೇಳಿ."

ಅಕ್ಕ ನನ್ನ ಮುಖ ನೋಡಿದರು. ಐಸ್ ಎನ್ನೋಣವೆಂದರೆ ಐಸ್ ಪಕ್ಕದ ಬುಟ್ಟಿಯಲ್ಲೂ ಇತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ನಾವು ಅರೆಗತ್ತಲಲ್ಲಿ ಹಾಗೇ ನಿಂತೆವು.

ಒಂದು ನೊಣ ಬಂತು. ಬುಟ್ಟಿಯ ಮೇಲೆ ಒಂದು ಸುತ್ತು ಹಾಕಿ, ಎಲ್ಲಕ್ಕಿಂತ ದೊಡ್ಡ ಬಂಗುಡೆಯ ಮೇಲೆ ಕೂತು ಕೈ ಉಜ್ಜಿಕೊಂಡಿತು. ಎರಡನೆಯದು ಬಂತು. ಆಮೇಲೆ ಹತ್ತಿಪ್ಪತ್ತು ಒಟ್ಟಿಗೆ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಒಂದನ್ನೂ ಓಡಿಸಲಿಲ್ಲ. ನನ್ನ ಪಿಎಚ್‌ಡಿಗೆ ಸಿಗದ ಮರ್ಯಾದೆ ನೊಣಕ್ಕೆ ಸಿಕ್ಕಿತು. ಮೊದಲು ಚೀಲ ಬಿಡಿಸಿದವರು ಮೇಷ್ಟ್ರೇ.

"ಎರಡು ಕಿಲೋ ಕೊಡಿ. ತಪ್ಪಾಯ್ತು."

ಕಾಲು ಗಂಟೆಯಲ್ಲಿ ಬುಟ್ಟಿಯ ತಳ ಕಂಡಿತು. ಅಕ್ಕ ಸೋಮವಾರ ಎಷ್ಟು ಗಂಟೆಗೆ ಬರುತ್ತೇನೆಂದು ಎಲ್ಲರಿಗೂ ಹೇಳುತ್ತಿದ್ದಾಗ ಕರೆಂಟ್ ಬಂತು. ನೊಣಗಳೆಲ್ಲ ಒಮ್ಮೆಗೇ ಎದ್ದು ಪಕ್ಕದ ಬುಟ್ಟಿಗೆ ಹೋದವು. ಮೇಷ್ಟ್ರು ತಲೆ ಎತ್ತಿ ಮೇಲೆ ನೋಡಿದರು. ಎಲ್ಲರೂ ನೋಡಿದರು. ನಾನೂ ನೋಡಿದೆ.

ಆ ವರ್ಷದ ಬೇಸಿಗೆಯಲ್ಲಿ ಮಾರ್ಕೆಟ್‌ಗೆ ಹಾಕಿಸಿದ ಒಂದೇ ಒಂದು ಫ್ಯಾನ್ ಇದ್ದದ್ದು ಅಕ್ಕನ ಬುಟ್ಟಿಯ ನೇರ ಮೇಲೆ.