ಕಾಲಿಡಬಾರದ ಪೆಡಲ್

ಮೊದಲೇ ಹೇಳಿಬಿಡ್ತೀನಿ, ವಸ್ತುಗಳನ್ನು ಪರೀಕ್ಷೆ ಮಾಡೋದರಲ್ಲಿ ನನ್ನನ್ನು ಮೀರಿಸೋರು ಕೊಟ್ಟೂರಿನಲ್ಲಿ ಕಡಿಮೆ. ಕಲ್ಲಂಗಡಿಯನ್ನು ಬೆರಳಲ್ಲಿ ಬಾರಿಸಿ ಒಳಗೆ ಕೆಂಪೋ ಬಿಳಿಯೋ ಹೇಳಬಲ್ಲೆ. ಮಿಕ್ಸಿ ಕೊಳ್ಳೋ ಮುಂಚೆ ಅಕ್ಕಪಕ್ಕದವರು ನನ್ನನ್ನು ಕರೆದುಕೊಂಡು ಹೋಗ್ತಾರೆ. ಹೀಗಿರುವಾಗ ಒಂದು ಗಿಟಾರ್ ಪೆಡಲ್ ಯಾವ ಲೆಕ್ಕ ಅಂದುಕೊಂಡೆ.

ನನ್ನ ಹೆಸರು ಕೊಟ್ರೇಶ. ಈ ಊರಲ್ಲಿ ಆ ಹೆಸರಿನವರು ಓಣಿಗೆ ಹತ್ತು ಮಂದಿ ಇರೋದರಿಂದ ‘ಗಿಟಾರ್ ಕೊಟ್ರೇಶಿ’ ಅಂದರೆ ಮಾತ್ರ ಗೊತ್ತಾಗುತ್ತೆ. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದೀನಿ, ಮದುವೆ ಸೀಜನ್ನಿನಲ್ಲಿ ಚನ್ನಬಸಪ್ಪಣ್ಣನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸ್ತೀನಿ. ಚನ್ನಬಸಪ್ಪಣ್ಣ ತಂಡದ ಮಾಲೀಕನೂ ಹೌದು, ಗಾಯಕನೂ ಹೌದು. ನಮ್ಮ ತಂಡದ ಮಂಜ ಈಚೆಗೆ ಹೊಸ ಕೀಬೋರ್ಡ್ ತಂದ. ಅದರಲ್ಲಿ ಗಿಟಾರಿನ ಸದ್ದಿಗೂ ಒಂದು ಗುಂಡಿ ಇತ್ತು. ಆ ಗುಂಡಿ ಒತ್ತಿದ ದಿನದಿಂದ ಅಣ್ಣ ನನ್ನನ್ನು ನೋಡೋ ನೋಟವೇ ಬೇರೆ ಆಯಿತು. ಕೊನೆಗೆ ಬಾಯಿಬಿಟ್ಟು ಹೇಳಿಯೇಬಿಟ್ಟ.

“ಹಗರಿಬೊಮ್ಮನಹಳ್ಳಿ ಮದುವಿ ತನಕ ನೋಡ್ತೀನಿ ಕೊಟ್ರೇಶಿ. ಕೀಬೋರ್ಡಿಗೆ ಬರಲಾರದ್ದು ಏನಾರ ನಿನ್ನ ಗಿಟಾರಿಗೆ ಬಂದ್ರ ಸ್ಟೇಜ್ ಮ್ಯಾಲಿರು. ಇಲ್ಲಂದ್ರ ಕೆಳಗ ವೈರ್ ಸುತ್ತೋ ಕೆಲಸ ಐತಿ.”

ಹದಿನೆಂಟು ವರ್ಷ ಸ್ಟೇಜ್ ಮೇಲೆ ನಿಂತವನು ವೈರ್ ಸುತ್ತೋದೇ? ಮೂರು ದಿನ ಮೊಬೈಲಿನಲ್ಲಿ ಹುಡುಕಿ ಈ ಪೆಡಲ್ ತರಿಸಿದೆ.

ಪೆಡಲ್ ಅಂದರೆ ಊಟದ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಗಿಟಾರಿನ ಸದ್ದು ಒಂದು ಕಡೆಯಿಂದ ಒಳಗೆ ಹೋಗಿ, ವೇಷ ಬದಲಿಸಿಕೊಂಡು ಇನ್ನೊಂದು ಕಡೆಯಿಂದ ಸ್ಪೀಕರಿಗೆ ಬರುತ್ತೆ. ಒಟ್ಟು ಹನ್ನೊಂದು ವೇಷ. ಕೋರಸ್ ಅಂತ ಒಂದಿದೆ, ಅದರಲ್ಲಿ ಒಬ್ಬ ಬಾರಿಸಿದರೆ ನಾಲ್ಕು ಮಂದಿ ಬಾರಿಸಿದಂತೆ ಕೇಳುತ್ತೆ. ಫ್ಲ್ಯಾಂಜರ್ ಹಾಕಿದರೆ ತಲೆ ಮೇಲೆ ವಿಮಾನ ಹೋದಂತೆ. ಟ್ರೆಮೊಲೊ ಹಾಕಿದರೆ ಸದ್ದೆಲ್ಲ ಗಡಗಡ ನಡುಗುತ್ತೆ. ನಡುವೆ ಒಂದು ದಪ್ಪ ಗುಂಡಿ. ಒತ್ತಿದ ಹಾಗೆಲ್ಲ ಮುಂದಿನ ವೇಷ. ಎರಡೂ ಕೈ ಗಿಟಾರಿನ ಮೇಲಿರೋದರಿಂದ ಇದನ್ನು ಕಾಲಿನಿಂದ ಒತ್ತಬೇಕು. ಈ ‘ಕಾಲಿನಿಂದ’ ಅನ್ನೋ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಪಾರ್ಸೆಲ್ ಬಂದಾಗ ನಾನು ಅಂಗಡಿಯಲ್ಲಿದ್ದೆ. ಮನೆಗೆ ಬರೋ ಹೊತ್ತಿಗೆ ನನ್ನ ಹೆಂಡತಿ ಗಿರಿಜಾ ಪೆಟ್ಟಿಗೆ ಬಿಚ್ಚಿ, ದೇವರ ಜಗಲಿ ಮುಂದಿಟ್ಟು, ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವು ಏರಿಸಿ, ಊದಿನಕಡ್ಡಿ ಬೆಳಗಿ ಮುಗಿಸಿದ್ದಳು. ಪೂಜೆ ಆಗದೆ ಯಾವ ಮಷಿನ್ನಿಗೂ ಸ್ವಿಚ್ ಹಾಕೋ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಫ್ರಿಜ್ಜಿಗೂ ಆಗಿದೆ, ಸೊಳ್ಳೆ ಬ್ಯಾಟಿಗೂ ಆಗಿದೆ. ವಿಭೂತಿಯ ಕೆಳಗೆ ಹನ್ನೊಂದು ವೇಷಗಳ ಹೆಸರೂ ಮುಚ್ಚಿಹೋಗಿದ್ದವು. ಹೋಗಲಿ, ಬಾಯಿಪಾಠ ಮಾಡಿಕೊಂಡರಾಯಿತು ಅಂತ ಪೆಡಲನ್ನು ನೆಲಕ್ಕಿಟ್ಟು, ಗಿಟಾರ್ ಹೆಗಲಿಗೇರಿಸಿ ಬಲಗಾಲು ಎತ್ತಿದೆ.

“ರೀ, ಪೂಜಿ ಮಾಡಿದ್ದರ ಮ್ಯಾಲೆ ಕಾಲಿಡ್ತೀರೇನು?”

ಕಾಲು ಗಾಳಿಯಲ್ಲೇ ನಿಂತಿತು. ಒಂಟಿ ಕಾಲಿನಲ್ಲೇ ನನ್ನ ವಾದ ಮಂಡಿಸಿದೆ. ಬೈಕಿಗೂ ಪೂಜೆ ಮಾಡ್ತೀವಿ, ಆಮೇಲೆ ಬ್ರೇಕನ್ನು ಕಾಲಿನಿಂದ ತಾನೇ ಒತ್ತೋದು ಅಂದೆ. ಗಿರಿಜಾ ಯೋಚನೆ ಕೂಡ ಮಾಡಲಿಲ್ಲ.

“ಬೈಕಿನ ಹೆಡ್‌ಲೈಟಿಗೆ ವಿಭೂತಿ ಹಚ್ಚಿರ್ತೀವಿ, ಬ್ರೇಕಿಗೆ ಹಚ್ಚಿರಂಗಿಲ್ಲ. ಇದಕ್ಕ ಹೆಡ್‌ಲೈಟ್ ಎಲ್ಲೈತಿ ತೋರಿಸ್ರಿ.”

ಕಾಲನ್ನು ಪಕ್ಕಕ್ಕಿಳಿಸಿ ಗಿಟಾರನ್ನು ಗೋಡೆಗೆ ಒರಗಿಸಿದೆ. ಮಾರನೇ ದಿನ ಅವಳು ಸಂತೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಕಾಲೆತ್ತಿದೆ. ನಿಜ ಹೇಳ್ತೀನಿ, ಕಾಲು ಕೆಳಗಿಳಿಯಲೇ ಇಲ್ಲ. ಆ ಕುಂಕುಮ ನನ್ನನ್ನೇ ನೋಡ್ತಿತ್ತು. ಕಾಲು ಪಕ್ಕಕ್ಕಿಟ್ಟು, ಬಗ್ಗಿ, ಪೆಡಲನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ವಿಭೂತಿ ಒರೆಸೋ ಯೋಚನೆಯಂತೂ ಹತ್ತಿರಕ್ಕೂ ಸುಳಿಯಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಎತ್ತರದ ಸ್ಟೂಲ್ ತಂದು ಪೆಡಲನ್ನು ಅದರ ಮೇಲೆ ಪ್ರತಿಷ್ಠಾಪಿಸಿ, ಕೈಯಿಂದ ಪಟ್ಟಂತ ಒತ್ತಿ, ಕಣ್ಣಿಗೊತ್ತಿಕೊಂಡು, ಮತ್ತೆ ಗಿಟಾರಿಗೆ ಮರಳೋ ಅಭ್ಯಾಸ ಮಾಡಿಕೊಂಡೆ. ಹಾಳಾದ ಜೆರಾಕ್ಸ್ ಹಾಳೆಗಳ ಹಿಂದೆ ಗೆರೆ ಎಳೆದು ಶಾಸ್ತ್ರೋಕ್ತವಾಗಿ ಪರೀಕ್ಷಾ ವರದಿಯನ್ನೂ ಶುರುಮಾಡಿದೆ. ಕೋರಸ್ ಕೇಳಿದ ಗಿರಿಜಾ, ನಿಮ್ಮಂಥೋರು ನಾಲ್ಕು ಮಂದಿ ಕೂಡಿ ಬಾರಿಸಿದಂಗೈತಿ, ನಮಗ ಒಬ್ಬರೇ ಸಾಕಾಗಿತ್ತು ಅಂದಳು. ಫ್ಲ್ಯಾಂಜರ್ ಹಾಕಿದಾಗ ಪಕ್ಕದ ಮನೆಯವರು ಬೋರ್‌ವೆಲ್ ಲಾರಿ ಬಂತೇನೋ ಅಂತ ಹೊರಗೆ ಬಂದು ನೋಡಿದರು. ಟ್ರೆಮೊಲೊಗೆ ಚಳಿಜ್ವರ ಬಂದೈತಿ ಅಂತ ತೀರ್ಪಾಯಿತು. ನಾನು ಮೂರಕ್ಕೂ ‘ಪರಿಣಾಮ ಕಂಡುಬಂದಿದೆ’ ಅಂತ ಬರೆದೆ. ಯಾರು ಏನೇ ಅನ್ನಲಿ, ಆ ಕೋರಸ್ ಮಾತ್ರ ಚೆಂದ ಇತ್ತು. ನನ್ನ ಹಳೇ ಗಿಟಾರಿನಿಂದ ಅಂಥ ಸದ್ದು ಬಂದದ್ದು ಕೇಳಿ ನನಗೇ ಕಣ್ಣು ತುಂಬಿತು. ಸ್ಟೇಜ್ ಮೇಲೆ ನನ್ನ ಜಾಗ ಉಳಿಯಿತು ಅಂತ ಧೈರ್ಯ ಬಂತು.

ಮದುವೆ ದಿನ ಮುಹೂರ್ತ ಮುಗಿದ ಕೂಡಲೇ ನಮ್ಮ ಕಾರ್ಯಕ್ರಮ. ಸ್ಟೂಲನ್ನು ಟೆಂಪೋದಿಂದ ನಾನೇ ಇಳಿಸಿ ಸ್ಟೇಜ್ ಮೇಲಿಟ್ಟಿದ್ದೆ. ಪೆಡಲಿಗೆ ವೈರ್ ಜೋಡಿಸಿ ತಿರುಗಿ ನೋಡಿದರೆ ಸ್ಟೂಲೇ ಇಲ್ಲ! ಬೀಗರ ಕಡೆಯ ಹಿರಿಯಮ್ಮ ಒಬ್ಬರು ಅದನ್ನು ಬಾಗಿಲ ಹತ್ತಿರ ಒಯ್ದು, ಮೇಲೆ ಎಲೆಅಡಿಕೆ ತಟ್ಟೆ ಇಟ್ಟಿದ್ದರು. ಮದುವೆ ಮನೆಯಲ್ಲಿ ಎಲೆಅಡಿಕೆ ತಟ್ಟೆ ಕೆಳಗಿಳಿಸಿ ಸ್ಟೂಲ್ ವಾಪಸ್ ಕೇಳೋ ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಪೆಡಲ್ ಸ್ಟೇಜಿನ ಅಂಚಿನಲ್ಲಿ ನೆಲದ ಮೇಲೆ ಕೂತಿತು. ಸ್ಟೇಜು ಮೊಣಕಾಲೆತ್ತರದ್ದು. ಸರಿಯಾಗಿ ಎದುರಿಗೆ, ಮೊದಲ ಸಾಲಿನಲ್ಲಿ, ಮದುಮಗನ ಅಜ್ಜ ಕೂತಿದ್ದರು.

ಮೊದಲ ಹಾಡಿಗೆ ಕೋರಸ್ ಬೇಕು. ಬಗ್ಗಿದೆ, ಗುಂಡಿ ಒತ್ತಿದೆ. ವಾರದಿಂದ ಬಿದ್ದ ಅಭ್ಯಾಸ, ಕೈ ತಾನಾಗಿ ಕಣ್ಣಿಗೆ ಹೋಯಿತು. ಅಜ್ಜ ಬಲಗೈ ಎತ್ತಿ ಗಂಭೀರವಾಗಿ ಆಶೀರ್ವಾದ ಮಾಡಿದರು. ಎರಡನೇ ಹಾಡಿಗೆ ಫ್ಲ್ಯಾಂಜರ್. ಮತ್ತೆ ಬಗ್ಗಿದೆ, ಮತ್ತೆ ಆಶೀರ್ವಾದ. ಅಜ್ಜ ಪಕ್ಕದವರ ಕಡೆ ತಿರುಗಿ, ಮೈಕಿಗೂ ಕೇಳೋ ಹಾಗೆ ಹೇಳಿದರು.

“ಸಂಸ್ಕಾರ ನೋಡ್ರಿ ಈ ತಮ್ಮಂದು. ಹಾಡಿಗೊಮ್ಮೆ ಹಿರೇರ ಕಾಲಿಗೆ ಬೀಳ್ತಾನ.”

ಮೂರನೇ ಹಾಡಿಗೆ ನಾನು ಬಗ್ಗಿದಾಗ ಅಜ್ಜನಿಗೆ ತಡೆಯಲಾಗಲಿಲ್ಲ. ಮುಹೂರ್ತದ ಅಕ್ಷತೆ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ಕೋಲೂರಿಕೊಂಡು ಎದ್ದು ಬಂದು ಅಷ್ಟನ್ನೂ ನನ್ನ ತಲೆ ಮೇಲೆ ಹಾಕಿದರು. ಅಜ್ಜ ಎದ್ದ ಮೇಲೆ ಉಳಿದ ಹಿರಿಯರು ಕೂತಿರೋದು ಹೇಗೆ? ಸಾಲಾಗಿ ಬಂದರು. ನಾನು ಬಗ್ಗಿದವನು ಬಗ್ಗಿಯೇ ಇದ್ದೆ. ತಲೆಯಿಂದ ಜಾರಿದ ಅಕ್ಕಿ ಕಾಳೆಲ್ಲ ಗುಂಡಿಯ ಸಂದಿಗೆ ಇಳಿದು, ಗುಂಡಿ ಒಳಗೇ ಸಿಕ್ಕಿಕೊಂಡಿತು. ಸಿಕ್ಕಿಕೊಂಡದ್ದು ಟ್ರೆಮೊಲೊದಲ್ಲಿ!

ಅಣ್ಣ ಆಗ ಮಗಳನ್ನು ಗಂಡನ ಮನೆಗೆ ಕಳಿಸೋ ಹಾಡು ಹಾಡ್ತಿದ್ದ. ನನ್ನ ಗಿಟಾರ್ ಗಡಗಡ ನಡುಗಿತು. ಅದರ ಜೊತೆ ತಾಳ ಹಿಡಿಯೋಕೆ ಹೋಗಿ ಅಣ್ಣನ ದನಿಯೂ ನಡುಗಿತು. ಮಂಜ ಕೀಬೋರ್ಡಿನಿಂದ ಕೈ ತೆಗೆದು ಮುಖ ಮುಚ್ಚಿಕೊಂಡ. ಆದರೆ ಅಜ್ಜ ಟವೆಲಿನಿಂದ ಕಣ್ಣೊರೆಸಿಕೊಂಡು, ತಮ್ಮಗ ದುಃಖ ಉಕ್ಕಿ ಬಂದೈತಿ ಅಂದರಂತೆ. ಮದುಮಗಳ ತಾಯಿ ಜೋರಾಗಿ ಅತ್ತರು. ಹಾಡು ಮುಗಿಯೋವರೆಗೆ ಅಣ್ಣ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯೋದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಯಾರೂ ಹೇಳೋ ಮುಂಚೆ ನಾನೇ ಕೂತು ವೈರ್ ಸುತ್ತೋಕೆ ಶುರುಮಾಡಿದೆ. ಹೇಗೂ ಅದೇ ಇನ್ನು ನನ್ನ ಕೆಲಸ ಅನ್ನಿಸಿತ್ತು. ಅಷ್ಟರಲ್ಲಿ ಅಜ್ಜ ಬಂದು, ಹಡಗಲಿಯಲ್ಲಿ ತಮ್ಮ ಮೊಮ್ಮಗಳ ಮದುವೆ ಐತಿ, ಈ ಕಾಲಿಗೆ ಬೀಳೋ ತಮ್ಮ ಬರಲೇಬೇಕು ಅಂತ ಅಣ್ಣನಿಗೆ ಹೇಳಿ ಹೋದರು. ವಾಪಸ್ ಬರುವಾಗ ಟೆಂಪೋದಲ್ಲಿ ಅಣ್ಣ ಮಂಡಕ್ಕಿ ಮಿರ್ಚಿಯ ಪೊಟ್ಟಣ ಮೊದಲು ನನ್ನ ಕಡೆಗೇ ಚಾಚಿದ. ನಿನ್ನ ಜಾಗ ಗಟ್ಟಿ ಆತು, ಸ್ಟೇಜ್ ಮ್ಯಾಲೇ ಇರು ಅಂದ. ನನಗೆ ಆನಂದ ತಡೆಯಲಿಲ್ಲ. ಹಂಗಾದ್ರ ಗಿಟಾರಿನ ಸದ್ದು ಹಿಡಿಸ್ತೇನಣ್ಣ ಅಂತ ಕೇಳಿದೆ.

“ಗಿಟಾರ್ ತಗೊಂಬಾ, ಕೈಯಾಗ ಏನಾರ ಇರಬೇಕಲ್ಲ,” ಅಂದ ಅಣ್ಣ. “ವೈರ್ ಮಾತ್ರ ಹಚ್ಚಬ್ಯಾಡ.”

ಪೆಡಲ್ ಈಗ ದೇವರ ಜಗಲಿ ಮೇಲಿದೆ. ಗಿರಿಜಾ ದಿನಾ ಹೂವು ಏರಿಸ್ತಾಳೆ. ಆಶೀರ್ವಾದದ ಅಕ್ಕಿ ಕೀಳಬಾರದಂತೆ, ಹಾಗಾಗಿ ಕಾಳು ಇನ್ನೂ ಒಳಗೇ ಇವೆ. ಪರೀಕ್ಷಾ ವರದಿಯ ಕೊನೇ ಸಾಲಿನಲ್ಲಿ ‘ಬಾಳಿಕೆ ಉತ್ತಮ’ ಅಂತ ಬರೆದು ಮುಗಿಸಿದೆ.

ಹಡಗಲಿಯಲ್ಲಿ ಎಲ್ಲ ಹಾಡಿಗೂ ಗಿಟಾರ್ ಬಾರಿಸಿದೆ, ಎಲ್ಲ ಹಾಡಿಗೂ ಬಗ್ಗಿದೆ. ವೈರ್ ಹಚ್ಚಿರಲಿಲ್ಲ. ಗಿಟಾರಿನ ಸದ್ದನ್ನೆಲ್ಲ ಮಂಜ ಕೀಬೋರ್ಡಿನ ಗುಂಡಿಯಲ್ಲೇ ತೆಗೆದ. ಊಟದ ಹೊತ್ತಿಗೆ ಅಜ್ಜ ನನ್ನನ್ನು ಹುಡುಕಿಕೊಂಡು ಬಂದು ಬೆನ್ನು ತಟ್ಟಿದರು.

“ಹೋದ ಸಲಕ್ಕಿಂತ ಈ ಸಲ ಭಾಳ ಚಲೋ ಬಾರಿಸಿದಿ ತಮ್ಮಾ.”

ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಈ ಸಲ ಕೆಳಗೆ ಪೆಡಲ್ ಇರಲಿಲ್ಲ.